ವಿಯೆನ್ನಾದಿಂದ ರೋಮ್‌ಗೆ ರೈಲು: ಒಂದು ಮಂಡಿನೋವು, ಎರಡು ಟಿಕೆಟ್, ಒಂದು ಘಾಟಿ

ನಮ್ಮ ಸೋದರಮಾವ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ಎಂಜಿನ್ ಓಡಿಸಿ ನಿವೃತ್ತರಾದವರು. ವಯಸ್ಸು ಎಪ್ಪತ್ತರ ಹತ್ತಿರ. ಎಡಮಂಡಿ ಸರಿಯಾಗಿ ಮಡಚುವುದಿಲ್ಲ, ಮೆಟ್ಟಿಲು ಕಂಡರೆ ಒಂದು ಕ್ಷಣ ನಿಂತು ಯೋಚನೆ ಮಾಡುತ್ತಾರೆ. ಅತ್ತೆಗೆ ಅಪ್ಪರ್ ಬರ್ತ್ ಅಂದರೆ ಮೊದಲಿಂದಲೂ ಭಯ, ಹೊರಗಿನ ಊಟವೂ ಆಗಿಬರುವುದಿಲ್ಲ. ಇಬ್ಬರೂ ಜೂನ್ ತಿಂಗಳಲ್ಲಿ ವಿಯೆನ್ನಾದಲ್ಲಿರುವ ಮಗಳ ಮನೆಗೆ ಬಂದಿದ್ದರು. ಬಂದ ಮೇಲೆ ರೋಮ್ ನೋಡಬೇಕು ಅಂತ ಅತ್ತೆ ಆಸೆಪಟ್ಟರು. ಹೋಗುವುದಾದರೆ ರೈಲಿನಲ್ಲೇ ಅಂತ ಮಾವ ಹೇಳಿಬಿಟ್ಟರು.

ವಿಮಾನದಲ್ಲಿ ಎರಡು ಗಂಟೆಯೂ ಬೇಡದ ದಾರಿ ಇದು. ರೈಲಿನಲ್ಲಿ ಸಾವಿರ ಕಿಲೋಮೀಟರ್‌ಗಿಂತ ಜಾಸ್ತಿ, ನಡುವೆ ಆಲ್ಪ್ಸ್ ಬೆಟ್ಟ ಬೇರೆ. ಆದರೂ ಮಾವ ಹಟ ಬಿಡಲಿಲ್ಲ. ವಿಯೆನ್ನಾದಿಂದ ದಕ್ಷಿಣಕ್ಕೆ ಹೋಗುವ ರೈಲು ಸೆಮ್ಮರಿಂಗ್ ಘಾಟಿ ಹತ್ತುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಕೆಲಸದಲ್ಲಿದ್ದಾಗಲೇ ಅದರ ಬಗ್ಗೆ ಓದಿಕೊಂಡವರು. "ನೋಡಪ್ಪಾ, ಘಾಟಿ ಕಣ್ಣಿಗೆ ಕಾಣಬೇಕು. ಕತ್ತಲಲ್ಲಿ ದಾಟಿಸೋದಾದ್ರೆ ಟಿಕೆಟ್ ದುಡ್ಡು ದಂಡ" ಅಂತ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದರು.

ಈ ಪ್ರಯಾಣವನ್ನು ಹೇಗೆ ಯೋಜಿಸಿದೆವು, ಯಾವುದನ್ನು ಯಾಕೆ ಕೈಬಿಟ್ಟೆವು ಅನ್ನುವುದನ್ನು ವಿವರವಾಗಿ ಬರೆಯುತ್ತಿದ್ದೇನೆ. ವಯಸ್ಸಾದ ಅಪ್ಪ ಅಮ್ಮನನ್ನು ಯುರೋಪಿನಲ್ಲಿ ರೈಲು ಹತ್ತಿಸಬೇಕು ಅಂದುಕೊಂಡಿರುವವರು ನಮ್ಮಲ್ಲಿ ಈಗ ಬಹಳ ಜನ ಇದ್ದಾರೆ. ಟಿಕೆಟ್ ಮಾರುವ ಆ್ಯಪ್ ಮೊದಲು ತೋರಿಸುವುದು ಎಷ್ಟು ಗಂಟೆ, ಎಷ್ಟು ದುಡ್ಡು ಅಂತ. ನಮ್ಮ ಲೆಕ್ಕ ಶುರುವಾಗಿದ್ದು ಬೇರೆ ಕಡೆಯಿಂದ. ಯಾರು ಎಲ್ಲಿ ಮಲಗುತ್ತಾರೆ, ಯಾವ ಜಾಗದಲ್ಲಿ ಬೆಳಕಿರಬೇಕು, ಎಲ್ಲಿ ತಪ್ಪಿದರೆ ಏನು ಗತಿ ಅನ್ನುವುದು ನಮಗೆ ಮೊದಲು ಬೇಕಿತ್ತು.

ಘಾಟಿ ಮತ್ತು ಬೆಳಕು

ಮಾವನ ಹಟ ಸುಮ್ನೆ ಹುಟ್ಟಿದ್ದಲ್ಲ. ಗ್ಲೋಗ್‌ನಿಟ್ಸ್‌ನಿಂದ ಮ್ಯೂರ್ತ್ಸುಶ್ಲಾಗ್‌ವರೆಗಿನ ಸೆಮ್ಮರಿಂಗ್ ದಾರಿ 41 ಕಿಲೋಮೀಟರ್ ಉದ್ದ. 1848ರಲ್ಲಿ ಕೆಲಸ ಶುರುವಾಗಿ 1854ರಲ್ಲಿ ಮುಗಿಯಿತು. 14 ಸುರಂಗ, 16 ದೊಡ್ಡ ಕಮಾನು ಸೇತುವೆ, ಸಣ್ಣ ಕಲ್ಲಿನ ಸೇತುವೆಗಳು ನೂರಕ್ಕೂ ಹೆಚ್ಚು. ಇದನ್ನು ಕಟ್ಟಿಸಿದ ಎಂಜಿನಿಯರ್ ಕಾರ್ಲ್ ಫಾನ್ ಗೇಗಾ ಹುಟ್ಟಿದ್ದು ವೆನಿಸ್‌ನಲ್ಲಿ. ದಾರಿಯ ನಕ್ಷೆ ಬರೆದು ಕೆಲಸ ಶುರುಮಾಡಿದಾಗ ಅಷ್ಟು ಕಡಿದಾದ ಏರನ್ನು ಹತ್ತಬಲ್ಲ ಎಂಜಿನ್ ಇನ್ನೂ ಬಂದಿರಲೇ ಇಲ್ಲ. 1851ರಲ್ಲಿ ಅದಕ್ಕಾಗಿಯೇ ಎಂಜಿನ್‌ಗಳ ಸ್ಪರ್ಧೆ ಇಟ್ಟರು. ಹಳಿ ಹಾಕುತ್ತಾ ಎಂಜಿನ್ ಹುಡುಕಿದ ಧೈರ್ಯ ಅದು. 1998ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನಮ್ಮ ಸಕಲೇಶಪುರದ ಘಾಟಿಯಲ್ಲಿ ಸುರಂಗಗಳೇ 57, ಏರು 50ಕ್ಕೆ 1. ಸೆಮ್ಮರಿಂಗ್‌ನಲ್ಲಿ ಏರು ಅದಕ್ಕಿಂತಲೂ ಕಡಿದು. ಭಾರದ ಗೂಡ್ಸ್ ಗಾಡಿಗೆ ಹಿಂದಿನಿಂದ ತಳ್ಳುವ ಬ್ಯಾಂಕರ್ ಎಂಜಿನ್ ಅಲ್ಲೂ ಉಂಟು, ಇಲ್ಲೂ ಉಂಟು. ಆ ಕೆಲಸದಲ್ಲೇ ಆಯಸ್ಸು ಕಳೆದ ಮನುಷ್ಯನಿಗೆ ಇದನ್ನು ನೋಡಬೇಕು ಅನಿಸುವುದು ಸಹಜ ಅಲ್ವಾ?

ಹಾಗಾಗಿ ಮೊದಲು ನೋಡಿದ್ದು ಸೂರ್ಯನ ಟೈಮ್‌ಟೇಬಲ್. ರೋಮ್‌ಗೆ ಹೋಗುವ ರಾತ್ರಿ ರೈಲು ನೈಟ್‌ಜೆಟ್ ಸಂಜೆ ಏಳು ಗಂಟೆ ದಾಟಿದ ಮೇಲೆ ವಿಯೆನ್ನಾ ಬಿಡುತ್ತಿತ್ತು. ಘಾಟಿಯ ನೆತ್ತಿಗೆ ಬರುವುದು ಸುಮಾರು ಒಂದು ಗಂಟೆಯ ನಂತರ. ಡಿಸೆಂಬರ್‌ನಲ್ಲಿ ವಿಯೆನ್ನಾದಲ್ಲಿ ಸೂರ್ಯ ಮುಳುಗುವುದು ಸಂಜೆ ನಾಲ್ಕಕ್ಕೆ. ಆಗ ಇದೇ ರೈಲಿನಲ್ಲಿ ಕಿಟಕಿಯ ಗಾಜಿನಲ್ಲಿ ನಮ್ಮ ಮುಖ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಜೂನ್‌ನಲ್ಲಿ ಸೂರ್ಯ ಮುಳುಗುವಾಗ ಹೆಚ್ಚುಕಡಿಮೆ ಒಂಬತ್ತು ಗಂಟೆ. ಅಂದರೆ ಅದೇ ರೈಲು, ಅದೇ ಸಮಯ, ಆದರೆ ಘಾಟಿ ಪೂರ್ತಿ ಸಂಜೆಬಿಸಿಲಲ್ಲಿ. ರಾತ್ರಿ ರೈಲು ಅಂದ ಕೂಡಲೇ ಬೇಡ ಅಂದಿದ್ದ ಮಾವ ಇದನ್ನು ಕೇಳಿ ಸ್ವಲ್ಪ ಮೆತ್ತಗಾದರು.

ಹಗಲಿನ ದಾರಿ ಯಾಕೆ ಬೇಡವಾಯಿತು

ಇನ್ನೊಂದು ದಾರಿ ಹಗಲಿನದು. ಬೆಳಗ್ಗೆ ಆರೂವರೆಗೆ ಸ್ವಲ್ಪ ಮುಂಚೆ ವಿಯೆನ್ನಾ ಬಿಡುವ ರೈಲ್‌ಜೆಟ್ ಮಧ್ಯಾಹ್ನ ಎರಡರ ಹೊತ್ತಿಗೆ ವೆನಿಸ್ ಮುಟ್ಟುತ್ತಿತ್ತು. ವೆನಿಸ್ ದ್ವೀಪದೊಳಗಿನ ಸಾಂತಾ ಲುಚೀಯಾ ನಿಲ್ದಾಣದವರೆಗೆ ಹೋಗದೆ, ಅದಕ್ಕೂ ಮುಂಚೆ ದಡದ ಮೇಲಿರುವ ಮೆಸ್ತ್ರೆಯಲ್ಲಿ ಇಳಿದು ಇಟಲಿಯ ಹೈಸ್ಪೀಡ್ ರೈಲು ಫ್ರೆಚ್ಚಾರೊಸ್ಸಾ ಹಿಡಿದರೆ ಸಂಜೆಗೆ ರೋಮ್. ಕಾಗದದ ಮೇಲೆ ಚೆನ್ನಾಗಿಯೇ ಇದೆ. ಹೋಗುವ ದಾರಿಗೆ ಇದನ್ನು ಕೈಬಿಡಲು ಎರಡು ಕಾರಣ.

ಮೊದಲನೆಯದು ಮಂಡಿ. ಹನ್ನೆರಡು ಗಂಟೆ ಕಾಲು ಇಳಿಬಿಟ್ಟು ಕೂತರೆ ಮಾವನಿಗೆ ಮಾರನೆಯ ದಿನ ನಡೆಯುವುದಕ್ಕಾಗುವುದಿಲ್ಲ. ರೋಮ್‌ಗೆ ಹೋಗಿ ಹೋಟೆಲಿನಲ್ಲಿ ಮಲಗಿದರೆ ಏನು ಬಂತು?

ಎರಡನೆಯದು ಟಿಕೆಟ್. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಮ್ಮವರು ಹೆಚ್ಚಾಗಿ ಎಡವುವುದು ಇಲ್ಲೇ. ವಿಯೆನ್ನಾ–ವೆನಿಸ್ ಟಿಕೆಟ್ ಆಸ್ಟ್ರಿಯಾದ ರೈಲ್ವೆ ಓಬಿಬಿಯದು. ಮೆಸ್ತ್ರೆ–ರೋಮ್ ಟಿಕೆಟ್ ಇಟಲಿಯ ಟ್ರೆನಿತಾಲಿಯಾದ್ದು. ಬೇರೆ ಬೇರೆಯಾಗಿ ಕೊಂಡರೆ ಅವು ಎರಡು ಬೇರೆ ಕರಾರು. ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದರೆ, ಎರಡನೆಯ ರೈಲ್ವೆಗೂ ಆ ತಡಕ್ಕೂ ಸಂಬಂಧವೇ ಇಲ್ಲ. ಫ್ರೆಚ್ಚಾರೊಸ್ಸಾದ ಅಗ್ಗದ ಸೂಪರ್ ಎಕಾನಮಿ ಟಿಕೆಟ್ ಆ ಒಂದು ರೈಲಿಗೆ ಮಾತ್ರ. ಬದಲಾವಣೆ ಇಲ್ಲ, ವಾಪಸ್ ದುಡ್ಡೂ ಇಲ್ಲ. ಮುಂದಿನ ರೈಲಿಗೆ ಆ ಕ್ಷಣದ ರೇಟಿನಲ್ಲಿ ಹೊಸ ಟಿಕೆಟ್ ತೆಗೆಯಬೇಕು, ಅದೂ ಜೊತೆಗೆ ಹೋಗುವ ಮಗಳೂ ಸೇರಿ ಮೂರು ಜನಕ್ಕೆ.

ಇಡೀ ಪ್ರಯಾಣ ಒಂದೇ ಕರಾರಿನಲ್ಲಿದ್ದರೆ ಕಥೆಯೇ ಬೇರೆ. 2023ರ ಜೂನ್‌ನಿಂದ ಜಾರಿಯಲ್ಲಿರುವ ಯುರೋಪಿಯನ್ ಒಕ್ಕೂಟದ ಪ್ರಯಾಣಿಕರ ಹಕ್ಕಿನ ನಿಯಮದ ಪ್ರಕಾರ, ಒಂದು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ತಡವಾಗುವಂತಿದ್ದರೆ ಬೇರೆ ರೈಲಿನಲ್ಲಿ ಕಳಿಸುವುದು ಇಲ್ಲವೇ ದುಡ್ಡು ವಾಪಸ್ ಕೊಡುವುದು ರೈಲ್ವೆಯ ಜವಾಬ್ದಾರಿ. ತಲುಪಿದ್ದು ಒಂದು ಗಂಟೆ ತಡವಾದರೆ ಸಾಮಾನ್ಯವಾಗಿ ಟಿಕೆಟ್ ಬೆಲೆಯ 25 ಪರ್ಸೆಂಟ್, ಎರಡು ಗಂಟೆ ದಾಟಿದರೆ 50 ಪರ್ಸೆಂಟ್ ಪರಿಹಾರ. ನೈಟ್‌ಜೆಟ್‌ನಲ್ಲಿ ವಿಯೆನ್ನಾದಿಂದ ರೋಮ್‌ವರೆಗೆ ಒಂದೇ ಟಿಕೆಟ್, ಒಂದೇ ಬೋಗಿ. ಇಳಿಯುವುದೂ ಇಲ್ಲ, ಹತ್ತುವುದೂ ಇಲ್ಲ. ನನ್ನ ಮಟ್ಟಿಗೆ ಅಲ್ಲಿಗೆ ತೀರ್ಮಾನ ಆಗಿಹೋಯಿತು.

ಯಾವ ಬರ್ತ್

ಇದಕ್ಕೆ ಹಿಡಿದಷ್ಟು ಸಮಯ ಬೇರೆ ಯಾವುದಕ್ಕೂ ಹಿಡಿಯಲಿಲ್ಲ. ನೈಟ್‌ಜೆಟ್‌ನಲ್ಲಿ ಮೂರು ದರ್ಜೆ. ಕೂರುವ ಸೀಟು, ಕುಶೆಟ್, ಸ್ಲೀಪರ್. ಇಲ್ಲಿ ಸ್ಲೀಪರ್ ಅಂದರೆ ಎಲ್ಲಕ್ಕಿಂತ ಮೇಲಿನ ದರ್ಜೆ. ನಮ್ಮ ಸ್ಲೀಪರ್ ಕ್ಲಾಸ್ ನೆನೆಸಿಕೊಂಡು ಅದನ್ನು ಪಕ್ಕಕ್ಕಿಡುವವರಿದ್ದಾರೆ. ಕುಶೆಟ್ ನಮ್ಮ ಎ.ಸಿ. ಬೋಗಿಯ ಹಾಗೆ. ಎದುರುಬದುರು ಬರ್ತ್, ದಿಂಬು, ಹೊದಿಕೆ, ಬೆಡ್‌ಶೀಟ್. ವ್ಯತ್ಯಾಸ ಏನಂದರೆ ಒಳಗಿನಿಂದ ಚಿಲಕ ಹಾಕಿಕೊಳ್ಳುವ ಬಾಗಿಲು.

ಮೂವರು ಇದ್ದಾರೆ, ಮೂರು ಬರ್ತಿನ ಸ್ಲೀಪರ್ ತೆಗೆದುಬಿಡೋಣ ಅಂತ ಮಗಳು. ಒಳಗೇ ಕೈ ತೊಳೆಯುವ ಬೇಸಿನ್ ಇದೆ, ಹಾಸಿಗೆ ದಪ್ಪ, ಬೆಳಗಿನ ತಿಂಡಿಗೆ ಆರಿಸಿಕೊಳ್ಳುವ ಅವಕಾಶ ಇದೆ. ದುಡ್ಡು ಜಾಸ್ತಿಯಾದರೂ ಅಪ್ಪ ಅಮ್ಮನಿಗೆ ಸುಖವಾಗಿರಲಿ ಅಂತ ಅವಳ ಆಸೆ. ಆದರೆ ಆ ಮೂರು ಹಾಸಿಗೆಗಳು ಒಂದೇ ಗೋಡೆಗೆ, ಒಂದರ ಮೇಲೊಂದು. ಕೆಳಗಿನ ಬರ್ತ್ ಒಂದೇ. ನಡುವಿನದಕ್ಕೂ ಏಣಿ ಹತ್ತಬೇಕು. ಮಾವ ಕೆಳಗೆ ಮಲಗಿದರೆ ಅತ್ತೆ ಏಣಿ ಹತ್ತಬೇಕು, ಅತ್ತೆ ಕೆಳಗಾದರೆ ಮಾವ. ಎರಡೂ ಆಗುವ ಮಾತಲ್ಲ.

ನಾಲ್ಕು ಬರ್ತಿನ ಕುಶೆಟ್‌ನಲ್ಲಿ ಎಡಕ್ಕೆ ಎರಡು, ಬಲಕ್ಕೆ ಎರಡು. ಹಾಗಾಗಿ ಲೋವರ್ ಎರಡು ಸಿಗುತ್ತವೆ. ಆರು ಬರ್ತಿನ ಕಂಪಾರ್ಟ್‌ಮೆಂಟೇ ಇದು, ನಡುವಿನ ಬರ್ತ್ ಮಡಚಿಟ್ಟಿರುತ್ತಾರೆ. ಅದರಿಂದ ಕೆಳಗೆ ಮಲಗಿದವರು ತಲೆ ತಗಲದೆ ಎದ್ದು ಕೂರಬಹುದು. ದರ್ಜೆಯಲ್ಲಿ ಕೆಳಗಿನದು, ನಮ್ಮ ಸಂಸಾರಕ್ಕೆ ಮೇಲಿನದು. ಮೂವರೇ ಆದರೂ ಇಡೀ ಕಂಪಾರ್ಟ್‌ಮೆಂಟ್ ನಮಗೇ ಇರುವ ಹಾಗೆ ಬುಕ್ ಮಾಡಿದೆವು. ನಾಲ್ಕನೆಯ ಬರ್ತ್ ಸಾಮಾನಿಗಾಯಿತು. ರಾತ್ರಿ ಅಪರಿಚಿತರು ಹತ್ತಿ ಇಳಿಯುವ ಗದ್ದಲವಿಲ್ಲ. ಶೌಚಾಲಯ ಬೋಗಿಯ ಕೊನೆಯಲ್ಲಿರುವುದೊಂದೇ ಕೊರತೆ. ಅದಕ್ಕೆ ನಡುರಾತ್ರಿ ಮಗಳು ಜೊತೆಗೆ ಹೋಗುವುದು ಅಂತಾಯಿತು.

ಒಂದು ಮಾತು: ಬೋಗಿಯ ಬಗೆ ರೈಲಿನಿಂದ ರೈಲಿಗೆ ಬದಲಾಗುತ್ತದೆ. 2023ರ ಡಿಸೆಂಬರ್‌ನಿಂದ ಹೊಸ ತಲೆಮಾರಿನ ನೈಟ್‌ಜೆಟ್ ಬೋಗಿಗಳೂ ಕೆಲವು ದಾರಿಗಳಲ್ಲಿ ಓಡುತ್ತಿವೆ. ಅವುಗಳ ಒಳಗಿನ ವ್ಯವಸ್ಥೆ ಬೇರೆ. ಬುಕ್ ಮಾಡುವಾಗ ಬರ್ತಿನ ಚಿತ್ರ ನೋಡಿಯೇ ದುಡ್ಡು ಕಟ್ಟಿ.

ತಾರೀಖು

ನಮ್ಮ ರೈಲ್ವೆಯ ವೇಯ್ಟಿಂಗ್ ಲಿಸ್ಟು, ಆರ್‌ಎಸಿ ಇಲ್ಲಿಲ್ಲ. ಬರ್ತ್ ಇದ್ದರೆ ಟಿಕೆಟ್, ಇಲ್ಲದಿದ್ದರೆ ಇಲ್ಲ. ದಿನ ಹತ್ತಿರ ಬಂದಷ್ಟೂ ರೇಟು ಏರುತ್ತದೆ. ಸಾಧಾರಣವಾಗಿ ಆರು ತಿಂಗಳ ಮುಂಚೆ ಬುಕಿಂಗ್ ತೆರೆಯುತ್ತದೆ ಅಂತ ಹೇಳುತ್ತಾರಾದರೂ ಗಡಿ ದಾಟುವ ರೈಲುಗಳಲ್ಲಿ ತಡವಾಗುವುದು ಮಾಮೂಲು. ಯುರೋಪಿನ ರೈಲು ವೇಳಾಪಟ್ಟಿ ಡಿಸೆಂಬರ್‌ನ ಎರಡನೆಯ ಶನಿವಾರ ನಡುರಾತ್ರಿಗೆ ಬದಲಾಗುತ್ತದೆ, ಜೂನ್ ನಡುವೆ ಮತ್ತೊಂದು ಸಣ್ಣ ಬದಲಾವಣೆ. ಅವರು ಹೊರಟಿದ್ದು ಸರಿಯಾಗಿ ಆ ಜೂನ್ ಬದಲಾವಣೆಯ ಆಸುಪಾಸು. ಹಾಗಾಗಿ ಟಿಕೆಟ್ ಕಾಣಿಸದೇ ಇದ್ದಾಗ ರೈಲೇ ಇಲ್ಲ ಅಂತ ಗಾಬರಿಯಾಗದೆ ದಿನಾ ಒಮ್ಮೆ ನೋಡುತ್ತಾ ಇದ್ದೆವು. ತೆರೆದ ದಿನವೇ ಕೊಂಡೆವು. ಯುರೋಪಿನ ಹಲವು ದೇಶಗಳ ರೈಲುಗಳಿಗೆ ನಡೆಯುವ ಯುರೇಲ್ ಪಾಸ್ ಬಗ್ಗೆ ಮಾವನ ಗೆಳೆಯರೊಬ್ಬರು ಹೇಳಿದ್ದರು. ಪಾಸ್ ಇದ್ದರೂ ಬರ್ತ್‌ಗೆ ಬೇರೆ ದುಡ್ಡು, ಫ್ರೆಚ್ಚಾರೊಸ್ಸಾದ ಸೀಟಿಗೆ ಬೇರೆ ದುಡ್ಡು. ಎರಡು ಮೂರು ಪ್ರಯಾಣಕ್ಕೆ ಅದು ಬೇಕಾಗಿಲ್ಲ.

ವಾರದ ದಿನ ಆರಿಸುವಾಗ ಇಟಲಿಯ ಮುಷ್ಕರಗಳನ್ನು ಲೆಕ್ಕಕ್ಕೆ ತೆಗೆದುಕೊಂಡೆವು. ಅಲ್ಲಿ ರೈಲು ಮುಷ್ಕರ ಆಗಾಗ ನಡೆಯುತ್ತದೆ, ಆದರೆ ಹೇಳದೆ ಕೇಳದೆ ನಡೆಯುವುದಿಲ್ಲ. ಕಾನೂನಿನ ಪ್ರಕಾರ ಕನಿಷ್ಠ 10 ದಿನ ಮುಂಚೆ ತಿಳಿಸಬೇಕು. ಸಾರಿಗೆ ಸಚಿವಾಲಯದ ವೆಬ್‌ಸೈಟಿನಲ್ಲಿ ಮುಷ್ಕರಗಳ ಪಟ್ಟಿಯೇ ಇರುತ್ತದೆ. ಗುರುವಾರ ರಾತ್ರಿ ಶುರುವಾಗಿ ಶುಕ್ರವಾರ ರಾತ್ರಿ ಮುಗಿಯುವ ಮುಷ್ಕರಗಳು ಅಲ್ಲಿ ಹೊಸದೇನಲ್ಲ. ಮಗಳಿಗೆ ಗುರುವಾರ ಸಂಜೆ ಹೊರಟರೆ ರಜೆ ಉಳಿಯುತ್ತಿತ್ತು. ನಾನು ಮಂಗಳವಾರಕ್ಕೇ ಪಟ್ಟು ಹಿಡಿದೆ. ಇಬ್ಬರು ಹಿರಿಯರನ್ನು ನಡುರಾತ್ರಿ ಯಾವುದೋ ನಿಲ್ದಾಣದಲ್ಲಿ ಇಳಿಸಿಕೊಂಡು ನಿಲ್ಲುವುದಕ್ಕಿಂತ ಒಂದು ದಿನದ ರಜೆ ಹೋಗುವುದು ಮೇಲು.

ರೋಮ್ ತಲುಪುವುದು ಬೆಳಗ್ಗೆ ಹತ್ತರ ಸುಮಾರಿಗೆ. ರಾತ್ರಿ ರೈಲು ಒಂದೆರಡು ಗಂಟೆ ತಡವಾದರೆ ಆಶ್ಚರ್ಯವಿಲ್ಲ. ಅದಕ್ಕೇ ಆ ದಿನಕ್ಕೆ ವ್ಯಾಟಿಕನ್ ಮ್ಯೂಸಿಯಂನ ಸಮಯ ನಿಗದಿ ಟಿಕೆಟ್ ಕೊಳ್ಳಲಿಲ್ಲ, ಮಾರನೆಯ ದಿನಕ್ಕೆ ಇಟ್ಟೆವು. ರೋಮ್‌ನಲ್ಲಿ ಟರ್ಮಿನಿ, ಟಿಬುರ್ತೀನಾ ಅಂತ ಎರಡು ದೊಡ್ಡ ನಿಲ್ದಾಣಗಳಿವೆ. ಟಿಕೆಟ್ಟಿನಲ್ಲಿ ಯಾವುದಿದೆ ನೋಡಿಕೊಂಡೇ ಹೋಟೆಲ್ ಹುಡುಕಿದ್ದು.

ವೀಸಾದ ತಲೆನೋವು ಇರಲಿಲ್ಲ. ಆಸ್ಟ್ರಿಯಾ, ಇಟಲಿ ಎರಡೂ ಷೆಂಗೆನ್ ದೇಶಗಳು, ಅದೇ ವೀಸಾ ನಡೆಯುತ್ತದೆ. ವೀಸಾಗೆ ಮಾಡಿಸಿದ 30,000 ಯೂರೋ ವಿಮೆಯೂ ಎರಡೂ ಕಡೆಗೆ ಆಗುತ್ತದೆ. ಆದರೆ ಪಾಸ್‌ಪೋರ್ಟ್ ಮೈಮೇಲೇ ಇರಲಿ ಅಂತ ಹೇಳಿದ್ದೆ. ಗಡಿಯ ತರ್ವಿಸಿಯೊ ಕಡೆ ಪೊಲೀಸರು ಹತ್ತಿ ನೋಡುವುದುಂಟು.

ಆ ಸಂಜೆ

ನೈಟ್‌ಜೆಟ್‌ಗೆ ಊಟದ ಬೋಗಿ ಇಲ್ಲ. ಕುಶೆಟ್‌ನವರಿಗೆ ಬೆಳಗ್ಗೆ ಎರಡು ಬನ್ನು, ಬೆಣ್ಣೆ, ಜಾಮ್, ಕಾಫಿ ಅಥವಾ ಟೀ ಕೊಡುತ್ತಾರೆ. ಅತ್ತೆಗೆ ಅದು ಸಾಕು. ರಾತ್ರಿಗೆ ಪುಳಿಯೋಗರೆ, ಚಪಾತಿ ಪಲ್ಯ ಕಟ್ಟಿಕೊಂಡರು. ಮೊಸರನ್ನ ಬೇಡ ಅಂದೆ, ಬಿಸಿಲಿನ ದಿನ ಹುಳಿಯಾಗುತ್ತದೆ.

ವಿಯೆನ್ನಾದ ದೊಡ್ಡ ನಿಲ್ದಾಣದಲ್ಲಿ ಪ್ಲಾಟ್‌ಫಾರಂಗೆ ಲಿಫ್ಟ್ ಇದೆ, ಮಾವನಿಗೆ ತೊಂದರೆಯಾಗಲಿಲ್ಲ. ಬೋಗಿಯ ಮೆಟ್ಟಿಲು ಮಾತ್ರ ಎತ್ತರ. ಮೊದಲು ಸಾಮಾನು, ಆಮೇಲೆ ಅತ್ತೆ, ಕೊನೆಗೆ ಮಾವ, ಕೆಳಗೆ ಮಗಳು. ಸರಿಯಾದ ಬೋಗಿಗೇ ಹತ್ತಬೇಕು ಅಂತ ಎರಡೆರಡು ಸಲ ಹೇಳಿದ್ದೆ. ರಾತ್ರಿ ರೈಲುಗಳಲ್ಲಿ ನಡುದಾರಿಯಲ್ಲಿ ಬೋಗಿಗಳನ್ನು ಬಿಡಿಸಿ ಬೇರೆ ಊರಿನ ರೈಲಿಗೆ ಸೇರಿಸುತ್ತಾರೆ. ಒಳಗೆ ನಡೆದುಕೊಂಡು ಹೋದರಾಯಿತು ಅಂದುಕೊಂಡು ಸಿಕ್ಕ ಬೋಗಿ ಹತ್ತಬಾರದು.

ಗ್ಲೋಗ್‌ನಿಟ್ಸ್ ದಾಟುತ್ತಿದ್ದಂತೆ ಮಾವ ಕಂಪಾರ್ಟ್‌ಮೆಂಟ್ ಬಿಟ್ಟು ಕಾರಿಡಾರಿಗೆ ಬಂದರಂತೆ. ಘಾಟಿಯಲ್ಲಿ ಯಾವ ಕಡೆ ಕೂತರೆ ಒಳ್ಳೆಯದು ಅಂತ ನಾನು ತಲೆಕೆಡಿಸಿಕೊಂಡಿದ್ದೆ. ದಾರಿ ಹಾವಿನ ಹಾಗೆ ಸುತ್ತುವುದರಿಂದ ನೋಟ ಒಮ್ಮೆ ಕಂಪಾರ್ಟ್‌ಮೆಂಟ್ ಕಿಟಕಿಗೆ, ಒಮ್ಮೆ ಕಾರಿಡಾರ್ ಕಿಟಕಿಗೆ. ಬಾಗಿಲು ತೆರೆದಿಟ್ಟು ನಡುವೆ ನಿಂತರೆ ಎರಡೂ ಸಿಗುತ್ತದೆ. ಪಾಯರ್‌ಬಾಖ್‌ನಲ್ಲಿ 228 ಮೀಟರ್ ಉದ್ದದ ಕಮಾನು ಸೇತುವೆ ಮೇಲೆ ರೈಲು ಕಣಿವೆ ದಾಟಿ ಬಂದ ದಿಕ್ಕಿಗೇ ತಿರುಗಿಕೊಳ್ಳುತ್ತದೆ. ಮಗಳು ವಿಡಿಯೋ ಕಳಿಸಿದ್ದಾಳೆ. ಮಾವ ಕಿಟಕಿಯ ಅಡ್ಡಕಂಬಿ ಹಿಡಿದು, ತಲೆ ಸ್ವಲ್ಪ ವಾಲಿಸಿ, ತಿರುವಿನಲ್ಲಿ ಚಕ್ರ ಹಳಿಗೆ ಉಜ್ಜುವ ಕೀರಲು ಸದ್ದು ಕೇಳುತ್ತಿದ್ದಾರೆ. "ಸ್ಪೀಡು ಅರವತ್ತು ಇರಲ್ಲ" ಅನ್ನುತ್ತಾರೆ. ಕಾಲ್ಟೆ ರಿನ್ನೆಯ ಎರಡು ಅಂತಸ್ತಿನ ಸೇತುವೆ ಬಂದಾಗ ಮಾತೇ ಇಲ್ಲ. 46 ಮೀಟರ್ ಎತ್ತರದ ಆ ಸೇತುವೆಯನ್ನು ಆಸ್ಟ್ರಿಯಾ ಒಂದು ಕಾಲದಲ್ಲಿ ತನ್ನ 20 ಷಿಲ್ಲಿಂಗ್ ನೋಟಿನ ಮೇಲೆ ಅಚ್ಚು ಹಾಕಿತ್ತು. ಅತ್ತೆ ಒಳಗಿಂದಲೇ "ನಿಮ್ಮ ಎಡಕುಮೇರಿ ಥರನೇ ಇದೆಯಲ್ರೀ" ಅಂದಿದ್ದು ವಿಡಿಯೋದಲ್ಲಿ ಕೇಳಿಸುತ್ತದೆ. ಆಮೇಲೆ ಸುಮಾರು 900 ಮೀಟರ್ ಎತ್ತರದಲ್ಲಿ ನೆತ್ತಿಯ ಸುರಂಗ, ಅದರಾಚೆ ಇಳಿಜಾರು.

ಗಡಿಯಲ್ಲಿ ಕರೆಂಟು ಬದಲಾಗುವುದನ್ನು ನೋಡಬೇಕು ಅಂತ ಮಾವ ಎದ್ದಿರುವುದಾಗಿ ಹೇಳಿದ್ದರು. ಆಸ್ಟ್ರಿಯಾದ ತಂತಿಯಲ್ಲಿ 15 ಕಿಲೋವೋಲ್ಟ್ ಎಸಿ, ಇಟಲಿಯ ಹಳೆಯ ದಾರಿಗಳಲ್ಲಿ 3 ಕಿಲೋವೋಲ್ಟ್ ಡಿಸಿ. ಆದರೆ ಆ ಹೊತ್ತಿಗೆ ಗಾಢ ನಿದ್ದೆ. ರೋಮ್‌ಗೆ ಸ್ವಲ್ಪ ತಡವಾಗಿ ತಲುಪಿದರು. ಮಂಡಿ ಚೆನ್ನಾಗಿತ್ತು, ಅದೇ ದಿನ ಸಂಜೆ ಕೊಲೋಸಿಯಂ ಹೊರಗೆ ಒಂದು ಸುತ್ತು ಹಾಕಿದರು.

ವಾಪಸ್ ಬಂದ ದಾರಿ

ಬರುವಾಗ ಹಗಲಿನ ದಾರಿಯನ್ನೇ ಹಿಡಿದರು, ಆದರೆ ಎರಡು ಟಿಕೆಟ್‌ಗಳ ನಡುವೆ ಒಂದು ರಾತ್ರಿ ಇಟ್ಟುಕೊಂಡು. ಮೊದಲ ದಿನ ಫ್ರೆಚ್ಚಾರೊಸ್ಸಾದಲ್ಲಿ ಮೆಸ್ತ್ರೆ. ರೋಮ್–ಫ್ಲಾರೆನ್ಸ್ ನಡುವಿನ ಹಳಿ ಯುರೋಪಿನ ಮೊದಲ ಹೈಸ್ಪೀಡ್ ದಾರಿ, ಅದರ ಮೊದಲ ಭಾಗ ತೆರೆದಿದ್ದು 1977ರಲ್ಲಿ. ರಾತ್ರಿ ಮೆಸ್ತ್ರೆಯಲ್ಲೇ ಉಳಿದು ಮಾರನೆಯ ಬೆಳಗ್ಗೆ ವಿಯೆನ್ನಾ ರೈಲ್‌ಜೆಟ್. ಫ್ರೆಚ್ಚಾರೊಸ್ಸಾ ಎರಡು ಗಂಟೆ ತಡವಾಗಿದ್ದರೂ ಕಳೆದುಕೊಳ್ಳುವುದು ಒಂದು ಸಂಜೆ ಮಾತ್ರ, ಮೂರು ಟಿಕೆಟ್ ಅಲ್ಲ. ಆ ಸಂಜೆ ವೆನಿಸ್ ನೋಡಿದ್ದು ದೋಣಿಯಲ್ಲಿ ಕೂತೇ. ಅಲ್ಲಿನ ಸೇತುವೆಗಳಿಗೆಲ್ಲ ಮೆಟ್ಟಿಲು, ಮಂಡಿನೋವು ಇರುವವರಿಗೆ ದೊಡ್ಡ ಕಾಲುವೆಯ ಸಾರ್ವಜನಿಕ ದೋಣಿಯೇ ಸರಿ. ವೆನಿಸ್‌ಗೆ 2024ರಿಂದ ಕೆಲವು ದಿನಗಳಲ್ಲಿ ಪ್ರವೇಶ ಶುಲ್ಕ ಇದೆ. ಮೆಸ್ತ್ರೆಯಲ್ಲಿ ಉಳಿಯುವವರಿಗೆ ವಿನಾಯಿತಿ ಉಂಟು, ಆದರೆ ಅದನ್ನು ಮುಂಚೆಯೇ ನೋಂದಾಯಿಸಿಕೊಳ್ಳಬೇಕು.

ಇದೆಲ್ಲ ಹಳೆಯ ವೇಳಾಪಟ್ಟಿಯ ಲೆಕ್ಕ. 2025ರ ಡಿಸೆಂಬರ್ 14ರಂದು ಗ್ರಾಟ್ಸ್ ಮತ್ತು ಕ್ಲಾಗನ್‌ಫುರ್ಟ್ ನಡುವೆ ಕೊರಾಲ್ಮ್ ಹೊಸ ದಾರಿ ತೆರೆದಿದೆ. ಅದರಲ್ಲಿ ಸುಮಾರು 33 ಕಿಲೋಮೀಟರ್ ಉದ್ದದ ಸುರಂಗವಿದೆ. ಇದರಿಂದ ದಕ್ಷಿಣದ ರೈಲುಗಳ ಸಮಯ ಬದಲಾಗಿದೆ, ಹಾಗಾಗಿ ನಾನು ಮೇಲೆ ಹೇಳಿದ ಗಂಟೆಗಳನ್ನು ಹಾಗೇ ನಂಬಬೇಡಿ, ಬುಕ್ ಮಾಡುವ ದಿನ ನೋಡಿಕೊಳ್ಳಿ. ಸೆಮ್ಮರಿಂಗ್ ಕೆಳಗೂ 27 ಕಿಲೋಮೀಟರ್ ಉದ್ದದ ಸುರಂಗ ಕಟ್ಟುತ್ತಿದ್ದಾರೆ, 2030ಕ್ಕೆ ತೆರೆಯುವ ಯೋಜನೆ. ಅದಾದ ಮೇಲೆ ದೂರದ ರೈಲುಗಳು ಬೆಟ್ಟದ ಹೊಟ್ಟೆಯೊಳಗಿಂದ ಹೋಗುತ್ತವೆ. ಘಾಟಿಯನ್ನು ರೋಮ್ ರೈಲಿನ ಕಿಟಕಿಯಿಂದಲೇ ನೋಡಬೇಕು ಅನ್ನುವವರು ಅಷ್ಟರೊಳಗೆ, ಮೇ ಕೊನೆಯಿಂದ ಜುಲೈ ನಡುವೆ ಒಂದು ಸಂಜೆ ಆರಿಸಿಕೊಳ್ಳಿ.